ಒಂಬತ್ತನೆಯ ಸಾಲಿನ ಮಣ್ಣು

ನನಗೆ ಕೊಳೆ ಕಂಡರೆ ಆಗದು. ಅಂಗಳದಲ್ಲಿ ಒಂದು ಕಡ್ಡಿ ಬಿದ್ದರೂ ನನ್ನ ಪೊರಕೆ ಸುಮ್ಮನಿರುವುದಿಲ್ಲ. ಅದಕ್ಕೇ ನಮ್ಮ ಹನ್ನೊಂದು ಹೆಂಗಸರ ಸಂಘ, ಬೇರಿನಿಂದ ಕೆಮ್ಮಿನ ಔಷಧಿ ಮಾಡುವ ಖ್ವಾರಾ ಗಿಡಗಳ ತೋಟವನ್ನು ನನ್ನ ಕೈಗೆ ಕೊಟ್ಟಿತು. ಮಣ್ಣನ್ನು ಡ್ರಮ್ಮಿಗೆ ತುಂಬಿ, ಬೆರಣಿ ಉರಿಸಿ, ಹಬೆಯಲ್ಲಿ ಬೇಯಿಸಿಯೇ ಗಿಡಕ್ಕೆ ಹಾಕುತ್ತಿದ್ದೆ. ಒಂದು ಹುಳವೂ ಉಳಿಯಬಾರದು.

ಅತ್ತೆ ಮಾಪುಲೆ ಮಾತ್ರ ನನ್ನ ಮಾತು ಕೇಳಲಿಲ್ಲ. ಮಲೂಟಿ ಬೆಟ್ಟಸಾಲಲ್ಲಿ ಖ್ವಾರಾ ತಾನಾಗಿ ಬೆಳೆಯುತ್ತಿದ್ದ ಹಳೆಯ ಗುಡ್ಡ ಅಣೆಕಟ್ಟಿನ ನೀರಲ್ಲಿ ಮುಳುಗುವ ಮೊದಲು ಅಲ್ಲಿಂದ ಏಪ್ರನ್ನಿನಲ್ಲಿ ಮಣ್ಣು ಹೊತ್ತು ತಂದು ಒಂಬತ್ತನೆಯ ಸಾಲಿಗೆ ಸುರಿದರು. ಬೇರು ಅಗೆದ ಗುಂಡಿಯ ಮಣ್ಣನ್ನು ಹೊಸ ಗಿಡಕ್ಕೆ ಕೊಡಬೇಕಂತೆ, ಅವರ ಕಾಲದ ಪದ್ಧತಿ. ಆ ಸಾಲು ಕುಳ್ಳಾಗಿಯೇ ಉಳಿಯಿತು. ನನ್ನ ಎಂಟು ಸಾಲು ಎಲೆ ತುಂಬಿ ಕಣ್ಣು ಕುಕ್ಕುತ್ತಿದ್ದವು.

ಕೊಳ್ಳುವವರು ಪ್ರತಿ ಸಾಲಿನಿಂದ ಒಂದೊಂದು ಬೇರನ್ನು ಪರೀಕ್ಷೆಗೆ ಒಯ್ದಿದ್ದರು. ಅದರಲ್ಲಿ ಸೋತರೆ ಹನ್ನೊಂದು ಮನೆಯ ಎರಡು ವರ್ಷದ ದುಡಿಮೆ ಮಣ್ಣುಪಾಲು.

ಇವತ್ತು ಬೆಳಿಗ್ಗೆ ಪರೀಕ್ಷೆ ಮಾಡಿದ ಮೊಖೆಲೆ ಫೋನು ಮಾಡಿದ.

"ಅಮ್ಮಾ, ಎಂಟು ಸಾಲಲ್ಲಿ ಬರೀ ಎಲೆ. ಬೇರಲ್ಲಿ ಔಷಧಿ ಸತ್ವ ತೀರಾ ಕಡಿಮೆ. ಕೊಳ್ಳಲ್ಲ ಅಂದ್ರು."

ಫೋನನ್ನು ಕಿವಿಗೆ ಇನ್ನೂ ಒತ್ತಿಕೊಂಡೆ.

"ಆದ್ರೆ ಒಂಬತ್ತನೇದು ಭಾರಿ ಜೋರು. ಅದರ ಬೇರೊಳಗೆ ನೂಲಿನ ಥರ ಶಿಲೀಂಧ್ರ ಇದೆ. ಗಿಡ ಅದಕ್ಕೆ ಸಕ್ಕರೆ ಕೊಡುತ್ತೆ, ಅದು ಗಿಡಕ್ಕೆ ಮಣ್ಣಿನ ಸಾರ ತಂದುಕೊಡುತ್ತೆ. ಸತ್ವ ಹೆಚ್ಚಿರೋದು ಅದರಿಂದಾನೇ ಅನ್ಸುತ್ತೆ. ನಿಮ್ಮ ಎಂಟು ಸಾಲಲ್ಲಿ ಅದರ ಸುಳಿವೇ ಇಲ್ಲ. ಆ ಮಣ್ಣನ್ನ ಎಲ್ಲಾ ಸಾಲಿಗೂ ಹಂಚಿ. ಇನ್ನೊಂದು ವರ್ಷ ಕಾಯ್ತಾರಂತೆ."

ನೋಡಲು ಚೆನ್ನಾಗಿಲ್ಲವೆಂದು ಆ ಸಾಲನ್ನು ನಿನ್ನೆ ನಾನೇ ಕಿತ್ತು ಸುಟ್ಟಿದ್ದೆ. ಅದರ ಮಣ್ಣು ನನ್ನೆದುರಿಗೇ ಡ್ರಮ್ಮಿನಲ್ಲಿ ಬೇಯುತ್ತಿತ್ತು. ಬೇಯದ ಒಂದು ಹಿಡಿಯಾದರೂ ಸಿಕ್ಕೀತೆಂದು ಉರಿ ಎಳೆದೆಸೆದು ಒಳಗೆ ಕೈ ಹಾಕಿದೆ. ತಳದವರೆಗೂ ಬೆಂದಿತ್ತು; ಅಂಗೈಯೆಲ್ಲ ಬೊಬ್ಬೆ ಎದ್ದಿತು.

ನಾನು ಚೀರಿದ ಸದ್ದಿಗೆ ಅತ್ತೆ ಬಂದರು. ಅಳುತ್ತಲೇ ಎಲ್ಲ ಹೇಳಿದೆ.

"ಮಣ್ಣಿಗೂ ಸ್ನಾನ ಮಾಡಿಸೋಳು ನೀನೊಬ್ಬಳೇ ಕಣೇ," ಅಂದರು. "ಅಳಬೇಡ. ನಿನ್ನೆ ನೀನು ಕೀಳೋವಾಗ್ಲೇ ಒಂದು ಬೊಗಸೆ ತೆಗೆದು ಏಪ್ರನ್ ಜೇಬಲ್ಲಿ ಇಟ್ಕೊಂಡೆ. ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿದೀನಿ, ತಗೊಂಬಾ."

ಮೊಳೆ ಖಾಲಿಯಾಗಿತ್ತು. ಏಪ್ರನ್ನು ಅಂಗಳದ ತಂತಿಯ ಮೇಲೆ ಒಣಗುತ್ತಿತ್ತು. ಬೆಳಗಾಗುತ್ತಲೇ ನಾನೇ ಅದರ ಜೇಬನ್ನು ಹೊರಗೆ ತಿರುವಿ, ಹೊಲಿಗೆಯಲ್ಲಿ ಒಂದು ಕಣವೂ ಉಳಿಯದಂತೆ ಉಜ್ಜಿ ಉಜ್ಜಿ ತೊಳೆದಿದ್ದೆ.