ಎಡಗೈಯವನ ಹಗ್ಗ

ದೊಡ್ಡವರ ಟಿಕೆಟ್ಟಿಗೆ ಇಪ್ಪತ್ತು, ಫೋಟೊ ತೆಗೆದರೆ ಇನ್ನೂ ಐವತ್ತು, ಎಪ್ಪತ್ತು ದಾಟಿದವರಿಗೆ ಪುಕ್ಕಟೆ. ಎದುರಿನ ಹೋಟೆಲಿನಲ್ಲಿ ಇಬ್ಬರು ಚಹಾ ಕುಡಿದರೂ ಅಷ್ಟೇ ಆಗುತ್ತದೆ, ಮೇಲೆ ಬೇಗ ಎದ್ದೇಳಿ ಅನ್ನುತ್ತಾರೆ. ಇಲ್ಲಿ ಫ್ಯಾನಿದೆ, ಬೆಂಚಿದೆ. ಹೀಗೆ ಲೆಕ್ಕ ಹಾಕಿ ಮಗಳು ಅಪ್ಪನನ್ನು ಬಂದರಿನ ಪಕ್ಕದ ವಸ್ತುಸಂಗ್ರಹಾಲಯಕ್ಕೆ ಕರೆತಂದಳು. ಕಣ್ಣಾಸ್ಪತ್ರೆಯಲ್ಲಿ ಔಷಧಿ ಬಿಟ್ಟು, ಎರಡು ಗಂಟೆ ಬಿಟ್ಟು ಬನ್ನಿ ಎಂದಿದ್ದರು. ಅಪ್ಪನಿಗೆ ಎದುರಿಗಿದ್ದದ್ದೆಲ್ಲ ಮಂಜು ಮಂಜು.

ಅವನನ್ನು ಬೆಂಚಿನ ಮೇಲೆ ಕೂರಿಸಿ, ಕೊಟ್ಟ ಕಾಸಾದರೂ ವಸೂಲಾಗಲಿ ಎಂದು ಒಂದು ಸುತ್ತು ಹೊರಟಳು. ತುಕ್ಕು ಹಿಡಿದ ಲಂಗರು, ದೀಪಸ್ತಂಭದ ಒಡೆದ ಗಾಜು. ಮೂಲೆಯ ಮೇಜಿನ ಮೇಲೆ ಮೊಳದುದ್ದದ ಹಗ್ಗ. ಅದರ ಚೀಟಿಯನ್ನು ಬಗ್ಗಿ ಎರಡು ಸಲ ಓದಿದಳು: ‘ಬಿರುಗಾಳಿಯಲ್ಲಿ ತುಂಡಾಗಿ ಇಬ್ಬರ ಸಾವಿಗೆ ಕಾರಣವಾದ ದೋಣಿಯ ಹಗ್ಗ.’

ಆ ಹಗ್ಗ ಹೊಸೆದವನು ಅಪ್ಪನೇ ಎಂದು ಊರೆಲ್ಲ ನಂಬಿತ್ತು. ಬಿರುಗಾಳಿಗೆ ಎಂಟು ದಿನ ಮೊದಲಷ್ಟೇ ದೋಣಿಯ ಯಜಮಾನ ಅವನಿಂದ ಹೊಸ ಹಗ್ಗ ಒಯ್ದಿದ್ದ; ಅದೇ ಕೈಕೊಟ್ಟಿತು ಎಂದು ಕಟ್ಟೆಯ ಮೇಲೆ ನಿಂತು ಸಾರಿದ. ಸತ್ತವರ ಹೆಂಡಂದಿರು ಅಲ್ಲಿದ್ದರು, ಹೋಗಿ ಆ ತುಂಡು ಹಗ್ಗ ನೋಡುವ ಧೈರ್ಯ ಅಪ್ಪನಿಗೆ ಬರಲಿಲ್ಲ. ಅಂದೇ ಹಗ್ಗ ಹೊಸೆಯುವ ರಾಟೆಯನ್ನು ಒಡೆದು ಒಲೆಗೆ ಹಾಕಿದ, ಮರುದಿನದಿಂದ ಮೂಟೆ ಹೊತ್ತ. ಊರ ಬಾಯಲ್ಲಿ ತುಂಡಪ್ಪನಾದ. ನಿನ್ನ ಲಾಡಿ ಗಟ್ಟಿಯಿದೆಯೇನೇ, ಅಪ್ಪ ಹೊಸೆದದ್ದಲ್ಲ ತಾನೆ, ಎಂದು ಶಾಲೆಯಲ್ಲಿ ಮಗಳನ್ನೂ ಕಿಚಾಯಿಸಿದರು.

ಆದರೆ ಅಪ್ಪ ಎಡಚ. ಅವನ ರಾಟೆ ಎಲ್ಲರದ್ದಕ್ಕಿಂತ ಉಲ್ಟಾ ತಿರುಗುತ್ತಿತ್ತು, ಹಗ್ಗದ ಎಳೆ ಸುತ್ತುವ ಹುರಿಯೂ ಉಲ್ಟಾ ಬೀಳುತ್ತಿತ್ತು. ಆ ರಾಟೆ ತಿರುಗಿಸಿ ಅಂಗೈ ಬೊಬ್ಬೆಯೆದ್ದವಳು ಅವಳೇ. ಈ ಹಗ್ಗದ ಹುರಿ ಎಲ್ಲರ ಹಗ್ಗದಂತೆಯೇ ಇತ್ತು. ತಿರುಗಿಸಿ ಇಟ್ಟಿದ್ದಾರೇನೋ ಎಂದು ಮೇಜಿನ ಆ ಬದಿಗೆ ಓಡಿ ನೋಡಿದಳು. ಯಾವ ತುದಿಯಿಂದ ನೋಡಿದರೂ ಹುರಿ ಬದಲಾಗದು ಎಂದು ಅಪ್ಪನೇ ಕಲಿಸಿದ್ದು ಆಮೇಲೆ ನೆನಪಾಯಿತು. ಅಪ್ಪನ ರಟ್ಟೆ ಹಿಡಿದು ಎಬ್ಬಿಸಿ ಕರೆತಂದು, ಅವನ ಕೈಯನ್ನು ಹಗ್ಗದತ್ತ ಒಯ್ದಳು.

“ಮುಟ್ಟಬಾರದು ಅಕ್ಕಾ, ಬೋರ್ಡಿದೆಯಲ್ಲ,” ಎಂದಳು ಕಾವಲಿನ ಹೆಂಗಸು.

“ಕಣ್ಣಿಗೆ ಔಷಧಿ ಬಿಟ್ಟಿದ್ದಾರಮ್ಮ. ಇವರಿಗೆ ಬೋರ್ಡೂ ಕಾಣಲ್ಲ, ಹಗ್ಗವೂ ಕಾಣಲ್ಲ.”

ಕಾವಲಿನವಳು ಇಬ್ಬರ ಮುಖವನ್ನೂ ನೋಡಿ ಕಿಟಕಿಯ ಕಡೆ ತಿರುಗಿ ನಿಂತಳು.

ಅಪ್ಪನ ಬೆರಳು ಹಗ್ಗದ ಮೇಲೆ ಹರಿದಾಡಿತು. “ಯಾರದೇ ಇದು? ಬಲಗೈಯವನು ಹೊಸೆದದ್ದು.”

“ಆ ದೋಣಿಯದ್ದಪ್ಪ.”

ಕೆಂಡ ಮುಟ್ಟಿದವನಂತೆ ಕೈ ಎಳೆದುಕೊಂಡ. ಮತ್ತೆ ಚಾಚಿದ, ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಸವರಿದ. ಆ ಮೇಜಿನ ಬುಡದಲ್ಲೇ ಕೂತುಬಿಟ್ಟ.

“ಹಾಗಾದ್ರೆ ನಾನು ಕೊಟ್ಟಿದ್ದನ್ನ ಏನು ಮಾಡ್ದ ಅವನು?”

ಯಜಮಾನ ಸತ್ತು ಹನ್ನೆರಡು ವರ್ಷ. ಕೇಳುವುದಕ್ಕೆ ಯಾರೂ ಉಳಿದಿರಲಿಲ್ಲ. ಬಾಗಿಲು ಹಾಕುವ ಹೊತ್ತಿನವರೆಗೂ ಅಪ್ಪ ಆ ಮೇಜು ಬಿಟ್ಟು ಏಳಲಿಲ್ಲ.

ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಅವನಿಗೆ ತನ್ನ ಹೆಸರು ವಾಪಸು ಸಿಕ್ಕಿತು. ಹೊಸೆಯದೆ ಬಿಟ್ಟ ಮೂವತ್ತೊಂದು ವರ್ಷದ ಹಗ್ಗ ಸಿಗಲಿಲ್ಲ. ಕಣ್ಣಾಸ್ಪತ್ರೆಯ ಸರದಿಯೂ ತಪ್ಪಿತು.