ಕಂಬದ ಬಳಿ ನಿಂತ ಕುಯುನ್

ಎರಡು ದಿನದಿಂದ ನಾಯಿ ಕುಯುನ್, ಕುದುರೆ ಕಟ್ಟುವ ಕಂಬದ ಬಳಿ ಹೋಗಿ ನಿಲ್ಲುತ್ತಿತ್ತು. ಹಿಂಗಾಲನ್ನು ತುಸುವೇ ಎತ್ತಿ, ಬೆನ್ನು ಬಾಗಿಸಿ, ರಸ್ತೆಯ ಕಡೆ ಮುಖ ಮಾಡಿ ಬಹಳ ಹೊತ್ತು ನಿಂತಿರುತ್ತಿತ್ತು. ಕಂಬದಲ್ಲಿ ಕುದುರೆ ಇರಲಿಲ್ಲ. ಜೊಲ್ಚು ತೀರಿಕೊಂಡ ಮೇಲೆ, ನಲವತ್ತನೆಯ ದಿನದ ಊಟಕ್ಕೆ ಇಲ್ಲಿಯ ಪದ್ಧತಿಯಂತೆ ಅದನ್ನು ಕಡಿದಿದ್ದರು.

ಕಾನಿಶಾಯ್ ಅಡುಗೆಮನೆಯ ಕಿಟಕಿಯಿಂದ ನಾಯಿಯನ್ನು ನೋಡುತ್ತಿದ್ದಳು. ಅದು ಗಂಡ ಜೊಲ್ಚುವಿನ ಬೇಟೆನಾಯಿ, ಉದ್ದ ಕಾಲಿನ ತೈಗನ್ ತಳಿ. ಈಗ ಮೂತಿ ಪೂರ್ತಿ ಬೆಳ್ಳಗಾಗಿತ್ತು. ಅದು ಯಾಕೆ ಅಲ್ಲಿ ನಿಲ್ಲುತ್ತದೆ ಎಂದು ತನಗೆ ಗೊತ್ತಿದೆ ಅಂದುಕೊಂಡಿದ್ದಳು.

ಬೇಟೆಗೆ ಹೊರಡುವ ದಿನ ಜೊಲ್ಚು ತಡಿ ಬಿಗಿಯುವ ಮುಂಚೆ ಕುದುರೆಗೆ ಶಿಳ್ಳೆ ಹಾಕುತ್ತಿದ್ದ. ದಾರಿಯಲ್ಲಿ ತೊಂದರೆಯಾಗದಿರಲಿ, ಇಲ್ಲೇ ಮೂತ್ರ ಮಾಡಲಿ ಎಂದು ಇಲ್ಲಿಯ ಗಂಡಸರೆಲ್ಲ ಕುದುರೆಗೆ ಹಾಗೆ ಶಿಳ್ಳೆ ಹಾಕುತ್ತಾರೆ. ಜೊಲ್ಚುವಿನದು ಮೇಲಿನಿಂದ ಜಾರಿ ಕೆಳಗಿಳಿಯುವ ಉದ್ದನೆಯ ಶಿಳ್ಳೆ. ಕುಯುನ್ ಮರಿಯಾಗಿದ್ದಾಗಿಂದ ಕುದುರೆಯ ಪಕ್ಕವೇ ನಿಂತು ನಿಂತು ತಾನೂ ಅದನ್ನು ಕಲಿತಿತ್ತು. ಶಿಳ್ಳೆ ಕೇಳಿದ ಕೂಡಲೇ ಎರಡೂ ಒಟ್ಟಿಗೆ ಬಿಡುತ್ತಿದ್ದವು. ಕಾನಿಶಾಯ್ ಕಿಟಕಿ ತೆಗೆದು, ಎಲ್ಲರದ್ದೂ ಆಯ್ತಾ, ಚಹಾ ಆರ್ತಾ ಇದೆ ಎನ್ನುತ್ತಿದ್ದಳು. ನನ್ನದೊಂದು ಬಾಕಿ, ಮುಖ ಆ ಕಡೆ ತಿರುಗಿಸು ಎನ್ನುತ್ತಿದ್ದ ಅವನು.

ಈ ಚಳಿಗಾಲದಲ್ಲಿ ಶಿಳ್ಳೆ ಹಾಕುವವರು ಯಾರೂ ಇರಲಿಲ್ಲ. ಆದ್ದರಿಂದ ನಾಯಿ ಕಂಬದ ಬಳಿ ಹೋಗಿ ಸುಮ್ಮನೆ ನಿಂತಾಗ, ಅದು ಅವನಿಗಾಗಿ ಕಾಯುತ್ತಿದೆ ಎಂದೇ ಅವಳು ತಿಳಿದಳು. ಅವರಿಗೆ ಮಕ್ಕಳಿರಲಿಲ್ಲ. ಅವನನ್ನು ತನ್ನಷ್ಟೇ ನೆನೆಯುವ ಇನ್ನೊಂದು ಜೀವ ಅಂಗಳದಲ್ಲೇ ಇದೆ ಎಂಬುದು ಅವಳಿಗೆ ದೊಡ್ಡ ಸಮಾಧಾನ ಕೊಟ್ಟಿತು. ಎರಡನೆಯ ದಿನ ಶಾಲು ಹೊದ್ದು ತಾನೂ ಹೋಗಿ ಅದರ ಪಕ್ಕ ನಿಂತಳು, ರಸ್ತೆ ನೋಡಿದಳು. ನಾಯಿ ಸಣ್ಣಗೆ ನರಳಿತು. ಹೂಂ ಕಣೋ, ನನಗೂ ಹಾಗೇ ಆಗತ್ತೆ ಎಂದಳು.

ಮರುದಿನ ಬೆಳಿಗ್ಗೆ ನಾಯಿ ಬೇಯಿಸಿದ ಮೂಳೆಯನ್ನು ಮೂಸಿಯೂ ನೋಡಲಿಲ್ಲ. ನೊರೆನೊರೆಯಾಗಿ ವಾಂತಿ ಮಾಡಿತು. ಮತ್ತೆ ಎದ್ದು, ತಡವರಿಸುತ್ತ ಕಂಬದ ಕಡೆಗೇ ಹೋಯಿತು.

ಕಾನಿಶಾಯ್ ನಗರದಲ್ಲಿ ಭೌತಶಾಸ್ತ್ರ ಓದಿದವಳು. ಕೆಲಸದಲ್ಲಿದ್ದಷ್ಟು ಕಾಲವೂ ಕಣಿವೆಯ ಮೇಲಿನ ಹವಾಮಾನ ಕೇಂದ್ರದಲ್ಲಿ ಹಿಮದ ಆಳ ಅಳೆದಿದ್ದಳು. ಹಿಮದ ಮುಂದೆ ನಿಂತಾಗ ಏನಿದೆ ಎನ್ನುವುದಕ್ಕಿಂತ ಮೊದಲು ಏನಿಲ್ಲ ಎಂದು ನೋಡಬೇಕು ಎಂದು ಹೊಸಬರಿಗೆ ಕಲಿಸಿದ್ದವಳು. ಈಗ ಕಂಬದ ಬುಡ ನೋಡಿದಳು. ಮೊನ್ನೆ ಬಿದ್ದ ಹಿಮ ಹಾಗೇ ಇತ್ತು. ತುಂಬ ನಾಯಿಯ ಹೆಜ್ಜೆಗಳಿದ್ದವು. ಆದರೆ ಬಿಸಿ ಮೂತ್ರ ಹಿಮದಲ್ಲಿ ಕೊರೆಯುವ ಹಳದಿ ತೂತು ಒಂದೂ ಇರಲಿಲ್ಲ. ಅಲ್ಲಲ್ಲಿ ಸಾಸಿವೆ ಕಾಳಿನಷ್ಟು ಗುಲಾಬಿ ಚುಕ್ಕೆಗಳು ಮಾತ್ರ ಇದ್ದವು.

ಮೊಣಕಾಲೂರಿ ನಾಯಿಯ ಹೊಟ್ಟೆಯ ಕೆಳಗೆ ಕೈಯಿಟ್ಟಳು. ಗಾಳಿ ತುಂಬಿದ ಚೆಂಡಿನಷ್ಟು ಗಟ್ಟಿಯಾಗಿತ್ತು. ನಾಯಿ ಕಿರುಚಲಿಲ್ಲ, ತಲೆಯನ್ನು ಅವಳ ಭುಜದ ಮೇಲಿಟ್ಟಿತು ಅಷ್ಟೆ. ಕಾದು ನಿಂತದ್ದಲ್ಲ ಇದು. ಎರಡು ದಿನ ಮುಕ್ಕಿರಿದು ಮುಕ್ಕಿರಿದು ನಿಂತದ್ದು.

ಕಣಿವೆಗೆ ಇರುವವನು ಒಬ್ಬನೇ ಪಶುವೈದ್ಯ, ಎಸೆನ್. ಜೊಲ್ಚುವಿಗೆ ಚಿಕ್ಕಪ್ಪನ ಮಗ. ಕುರಿ ಈಯುವ ಕಾಲ, ಫೋನೆತ್ತುವಾಗಲೂ ಅವನ ಹಿಂದೆ ಕುರಿಗಳು ಅರಚುತ್ತಿದ್ದವು. ನಾಯಿಗಾಗಿ ತನ್ನನ್ನು ಕರೆದವರು ಈ ಕಣಿವೆಯಲ್ಲಿ ಇದುವರೆಗೂ ಇಲ್ಲ, ಅತ್ತಿಗೆಗೆ ಓದು ಹೆಚ್ಚಾಯಿತು ಎಂದು ನಕ್ಕ. ಅವಳು ಹಿಮದ ವಿಷಯ, ಹೊಟ್ಟೆಯ ವಿಷಯ ಹೇಳಿದಾಗ ನಗು ನಿಂತಿತು.

"ಹೊಟ್ಟೆ ಒತ್ತಬೇಡ, ಮೂತ್ರಚೀಲ ಒಡೆದುಹೋಗತ್ತೆ. ನೀರೂ ಕೊಡಬೇಡ. ಬೆಚ್ಚಗಿಡು, ಬರ್ತೀನಿ."

ಬೆಟ್ಟದ ದಾರಿ ಮುಚ್ಚಿದೆ, ನಗರಕ್ಕೆ ಒಯ್ಯುವ ಮಾತೇ ಇಲ್ಲ, ಸಂಜೆಯೊಳಗೆ ಮೂತ್ರ ಬಿಡದಿದ್ದರೆ ವಿಷ ರಕ್ತಕ್ಕೇರುತ್ತದೆ ಎಂದೂ ಹೇಳಿದ.

ಅವನು ಬರುವವರೆಗೆ ಸುಮ್ಮನೆ ಕೂರಲು ಅವಳಿಂದಾಗಲಿಲ್ಲ. ಕುದುರೆಗೆ ಮೂತ್ರ ಕಟ್ಟಿದರೆ ಕುರಿದೊಡ್ಡಿಯ ಬಿಸಿ ಹಿಕ್ಕೆಯ ಮೇಲೆ ನಿಲ್ಲಿಸುತ್ತಾರೆ. ಇದರಿಂದ ಏನೂ ಆಗದು ಎಂದು ಗೊತ್ತಿದ್ದೂ ನಾಯಿಯನ್ನು ಪಕ್ಕದವರ ದೊಡ್ಡಿಗೆ ನಡೆಸಿಕೊಂಡು ಹೋದಳು. ಕುರಿಗಳು ಒಂದು ಮೂಲೆಗೆ ಒತ್ತರಿಸಿಕೊಂಡವು. ಹಿಕ್ಕೆಯ ಹಬೆಯ ನಡುವೆ ಕುಯುನ್ ನಡುಗುತ್ತ ನಿಂತಿತು. ಏನೂ ಆಗಲಿಲ್ಲ.

ಮನೆಯ ಹೊಸ್ತಿಲಲ್ಲಿ ಅದು ಮುಂಗಾಲು ಊರಿ ನಿಂತುಬಿಟ್ಟಿತು. ನಾಯಿ ಹೊಸ್ತಿಲು ದಾಟಬಾರದು. ಜೊಲ್ಚು ಕಲಿಸಿದ್ದೇ ಹಾಗೆ. ಕಾನಿಶಾಯ್ ಅದನ್ನು ಎರಡೂ ತೋಳಲ್ಲಿ ಎತ್ತಿ ದಾಟಿಸಿದಳು, ಒಲೆಯ ಪಕ್ಕದ ಕಂಬಳಿಯ ಮೇಲೆ ಮಲಗಿಸಿದಳು. ಜೊಲ್ಚು ಬೂಟು ಬಿಚ್ಚಿ ಕೂರುತ್ತಿದ್ದ ಜಾಗ ಅದು.

ಎಸೆನ್ ಬಂದಾಗ ಅವನ ಗಡ್ಡದಲ್ಲಿ ಹಿಮ ಹೆಪ್ಪುಗಟ್ಟಿತ್ತು. ಊರಿನ ನರ್ಸಮ್ಮನನ್ನು ಕಾಡಿ, ಹಸುಗೂಸುಗಳಿಗೆ ಹಾಲು ಕುಡಿಸುವ ಸಪೂರ ನಳಿಗೆ ತಂದಿದ್ದ. ಒಳಗೆ ಮಲಗಿದ್ದ ನಾಯಿಯನ್ನು ನೋಡಿ ಬಾಗಿಲಲ್ಲೇ ನಿಂತ.

"ಜೊಲ್ಚಣ್ಣ ನನ್ನೇ ಬೂಟು ಬಿಚ್ಚಿಸದೆ ಒಳಗೆ ಬಿಟ್ಟವನಲ್ಲ. ಇವನು ನಾಲ್ಕೂ ಕಾಲಿನ ಬೂಟು ಬಿಚ್ಚಿದ್ನಾ?"

"ಬಾಯಿ ಮುಚ್ಕೊಂಡು ಕೈ ತೊಳ್ಕೊ," ಎಂದಳು.

ಅವಳು ಗಾಬರಿಯಲ್ಲಿ ಹಿಟ್ಟು ನಾದುವ ಬೋಗುಣಿಯನ್ನೇ ತಂದಿಟ್ಟಳು. ಅವನು ಒಮ್ಮೆ ಅದನ್ನು ನೋಡಿ ಕೆಲಸಕ್ಕೆ ಕೂತ. ನಾಯಿಯನ್ನು ಮಗ್ಗುಲಾಗಿಸಿ, ನಳಿಗೆಗೆ ಎಣ್ಣೆ ಸವರಿ ಮೆಲ್ಲಗೆ ಮೂತ್ರದ ದಾರಿಯೊಳಗೆ ಬಿಟ್ಟ. ಸ್ವಲ್ಪ ದೂರ ಹೋಗಿ ನಿಂತಿತು. ಉಪ್ಪುನೀರು ಒತ್ತಿದ. ನೀರು ವಾಪಸು ಬಂತು. ಒಳಗೆ ಕಲ್ಲು ಸಿಕ್ಕಿಕೊಂಡಿದೆ, ಅದನ್ನು ನೀರಿನ ಒತ್ತಡದಿಂದ ಮೂತ್ರಚೀಲಕ್ಕೆ ಹಿಂದೆ ತಳ್ಳಬೇಕು, ಆದರೆ ಕಲ್ಲಿನ ಸುತ್ತ ಸ್ನಾಯು ಬಿಗಿಹಿಡಿದಿದೆ ಎಂದು ವಿವರಿಸಿದ. ಮಂಪರಿನ ಸೂಜಿ ಕೊಟ್ಟರೆ ಸಡಿಲವಾಗುತ್ತದೆ. ಈ ವಯಸ್ಸಿಗೆ, ಈ ಸ್ಥಿತಿಯಲ್ಲಿ ಕೊಟ್ಟರೆ ಮತ್ತೆ ಏಳುವುದು ಅನುಮಾನ. ಮನೆಯೊಳಗೆ ಮಾಡಬಾರದು ಎಂದು ಬೇರೆ ಕಲಿತ ನಾಯಿ. ಜೀವ ಹೋದರೂ ಬಿಡಲಾರದು.

ಎಸೆನ್ ತುಟಿ ಚೂಪು ಮಾಡಿ ಊದಿದ. ಹೆಣ್ಣುಕುದುರೆಯೊಂದು ಒದ್ದು ಅವನ ಮುಂದಿನ ಹಲ್ಲು ಉದುರಿಸಿತ್ತು. ಬರೀ ಗಾಳಿ ಬಂತು.

"ಅತ್ತಿಗೆ, ನೀನು ಹಾಕು. ಅಣ್ಣನ ಶಿಳ್ಳೆ."

"ಮನೆಯೊಳಗಾ?"

ಮನೆಯೊಳಗೆ ಶಿಳ್ಳೆ ಹಾಕಿದರೆ ಮನೆಯ ಭಾಗ್ಯ ಬಾಗಿಲು ದಾಟಿ ಹೋಗುತ್ತದೆ ಎಂದು ಇಲ್ಲಿ ಎಳೆ ಮಕ್ಕಳಿಗೂ ಗೊತ್ತು. ಹೆಂಗಸರಂತೂ ಹೊರಗೂ ಹಾಕುವುದಿಲ್ಲ.

"ಹೋಗೋಕೆ ಇನ್ನೇನು ಉಳಿದಿದೆ ಈ ಮನೇಲಿ," ಎಂದುಬಿಟ್ಟ ಎಸೆನ್. ಅಂದ ಮೇಲೆ ತಲೆ ತಗ್ಗಿಸಿ ನಳಿಗೆಯನ್ನೇ ನೋಡುತ್ತ ಕೂತ.

ಅವಳು ನಾಯಿಯನ್ನು ನೋಡಿದಳು. ಉಳಿದದ್ದು ಅದೇ. ತುಟಿ ಒದ್ದೆ ಮಾಡಿಕೊಂಡಳು. ಮೊದಲ ಸಲ ಸ್ವರ ಹೊರಡಲಿಲ್ಲ. ಎರಡನೆಯದು ತೀರ ಚೂಪಾಯಿತು. ಕಣ್ಣುಮುಚ್ಚಿ, ಕಿಟಕಿಯ ಬಳಿ ತಾನು ನಿಂತು ಕೇಳುತ್ತಿದ್ದ ಹಾಗೆ, ಮೇಲಿನಿಂದ ನಿಧಾನ ಕೆಳಕ್ಕೆ ಜಾರಿಸಿದಳು.

ಕುಯುನ್‌ನ ಕಿವಿ ಎದ್ದಿತು.

"ಹಾಂ, ಅದೇ," ಎಂದು ಎಸೆನ್ ನೀರು ಒತ್ತಿದ. ಅವನ ಬೆರಳಿನ ಕೆಳಗೆ ಏನೋ ಬಿಟ್ಟುಕೊಟ್ಟಿತು. ನಳಿಗೆ ಸರಕ್ಕನೆ ಒಳಸರಿಯಿತು. ಬೋಗುಣಿಗೆ ಮೊದಲು ಕಂದು, ಆಮೇಲೆ ಕೆಂಪು ಬೆರೆತ ಮೂತ್ರ ಇಳಿಯತೊಡಗಿತು. ಮನೆಯೆಲ್ಲ ಅದರ ಘಾಟು ತುಂಬಿತು.

ಆಗ ನಾಯಿ ಕತ್ತೆತ್ತಿ ಬಾಗಿಲ ಕಡೆ ನೋಡಿತು. ಬಾಲ ಕಂಬಳಿಗೆ ಒಮ್ಮೆ ಬಡಿಯಿತು.

ಕಾನಿಶಾಯ್‌ಳ ಬಾಯಿಯ ಶಿಳ್ಳೆ ನಿಂತಿತು.

"ನಿಲ್ಲಿಸಬೇಡ ಅತ್ತಿಗೆ. ಇನ್ನೂ ಅರ್ಧವೂ ಖಾಲಿಯಾಗಿಲ್ಲ."

ಅವಳು ಮುಂದುವರಿಸಿದಳು. ಪ್ರತಿ ಶಿಳ್ಳೆಗೂ ನಾಯಿಯ ಕಿವಿ ಬಾಗಿಲ ಕಡೆಗೇ ತಿರುಗುತ್ತಿತ್ತು. ಬಾರದವನನ್ನು ಬರುತ್ತಾನೆಂದು ಹೇಳುವ ಹಾಗೆ ಅವಳು ಊದುತ್ತಲೇ ಇದ್ದಳು. ಎಸೆನ್ ಕೂಡ ಒಮ್ಮೆ ತಲೆ ತಿರುಗಿಸಿ ಬಾಗಿಲು ನೋಡಿದ್ದನ್ನು ಅವಳು ಕಂಡಳು.

ಕಲ್ಲು ಇನ್ನೂ ಒಳಗಿದೆ, ದಾರಿ ತೆರೆದ ಮೇಲೆ ನಗರಕ್ಕೆ ಒಯ್ದು ತೆಗೆಸಬೇಕು ಎಂದು ಹೇಳಿ ಎಸೆನ್ ಕುರಿಗಳ ಬಳಿಗೆ ಹೊರಟ. ಅಲ್ಲಿಯವರೆಗೆ ತೆಳ್ಳಗಿನ ಸಾರು ಕುಡಿಸಬೇಕು, ಮೇಲಿಂದ ಮೇಲೆ ಹೊರಗೆ ಬಿಡಬೇಕು, ಮಾಡಿತೋ ಇಲ್ಲವೋ ಕಣ್ಣಾರೆ ನೋಡಬೇಕು. ಬೋಗುಣಿಯನ್ನು ಅವನೇ ಹೊರಗೆ ಚೆಲ್ಲಿ ಹಿಮದಲ್ಲಿ ಉಜ್ಜಿಟ್ಟ. ಇನ್ನು ಅದರಲ್ಲಿ ಹಿಟ್ಟು ನಾದಿದರೆ ತನ್ನನ್ನು ಊಟಕ್ಕೆ ಕರೆಯಬೇಡ ಎಂದ.

ಮರುದಿನ ಬೆಳಗಾದ ಮೇಲೆ ಕಾನಿಶಾಯ್ ಬಾಗಿಲು ತೆರೆದಳು. ಕುಯುನ್ ಹೊಸ್ತಿಲು ದಾಟಿ ಕಂಬದ ಬಳಿ ಹೋಗಿ ನಿಂತಿತು, ರಸ್ತೆಯ ಕಡೆ ಮುಖ ಮಾಡಿತು. ಅವಳು ಸುತ್ತಿ ಬಂದು ಅದರ ಎದುರಿಗೆ, ಜೊಲ್ಚು ಲಗಾಮು ಹಿಡಿದು ನಿಲ್ಲುತ್ತಿದ್ದ ಕಡೆ ನಿಂತಳು. ನಾಯಿ ಅವಳನ್ನು ದಾಟಿ ಆಚೆ ನೋಡಿತು.

ಚಳಿಗೆ ಬಿರಿದ ತುಟಿಯಿಂದ ಶಿಳ್ಳೆ ಹಾಕಿದಳು. ನಾಯಿಯ ಕಾಲು ಎದ್ದಿತು. ಏನೂ ಬರಲಿಲ್ಲ. ಮತ್ತೊಮ್ಮೆ ಹಾಕಿದಳು. ತಡೆತಡೆದು, ಆಮೇಲೆ ಒಂದೇ ಧಾರೆಯಾಗಿ ಬಂತು. ಹಿಮದಲ್ಲಿ ಹಬೆ ಎದ್ದಿತು. ಅವಳು ಬಗ್ಗಿ ನೋಡಿದಳು. ಹಳದಿ ತೂತು ಆಳವಾಗಿತ್ತು, ಅಂಚಿನಲ್ಲಿ ಮಾತ್ರ ತುಸು ಗುಲಾಬಿ.

ಕುಯುನ್ ಮುಗಿಸಿದ ಮೇಲೂ ರಸ್ತೆ ನೋಡುತ್ತ ನಿಂತಿತ್ತು. ಅವಳು ಅದನ್ನು ಒಳಗೆ ಕರೆಯಲಿಲ್ಲ. ಶಾಲು ಬಿಗಿಮಾಡಿಕೊಂಡು, ಅದು ತಾನಾಗಿ ತಿರುಗುವವರೆಗೆ ಅಲ್ಲೇ ಇದ್ದಳು.