ಬಿಲ್ಕೀಸಳ ಅಂಗೈ

ಹರಿಹರದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಶಬ್ಬೀರ್ ತನ್ನ ಅಕ್ಕ ಬಿಲ್ಕೀಸಳಿಗೆ ಗಾಲಿಕುರ್ಚಿ ಮಾಡಿಕೊಟ್ಟಿದ್ದು ಅರವತ್ತೆರಡನೇ ಇಸವಿಯ ಬೇಸಿಗೆಯಲ್ಲಿ. ಬೆತ್ತದ ಕುರ್ಚಿಗೆ ಎರಡು ಹಳೇ ಸೈಕಲ್ ಗಾಲಿ, ಮುಂದೊಂದು ಪುಟ್ಟ ಗಾಲಿ. ಎಳವೆಯ ಜ್ವರದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡಿದ್ದ ಬಿಲ್ಕೀಸ್ ಅಲ್ಲಿಯವರೆಗೆ ತಾಯಿಯ ಸೊಂಟ, ತಮ್ಮನ ಬೆನ್ನು ಬಿಟ್ಟು ಬೇರೆ ವಾಹನ ಕಂಡವಳಲ್ಲ. ಕುರ್ಚಿ ಬಂದ ವಾರವೇ ಒಬ್ಬಳೇ ಹೊಳೆದಂಡೆಗೆ ಹೋಗಿ, ನೀರು ನೋಡುತ್ತ ಕೂತು, ತನಗೆ ಮನಸ್ಸಾದಾಗ ಹಿಂದಿರುಗಿದಳು. ಮನಸ್ಸಾದಾಗ ಹಿಂದಿರುಗುವ ಸುಖ ಅವಳಿಗೆ ಹೊಸದು.

ಗಾಲಿಯ ಕಬ್ಬಿಣ ಮಾತ್ರ ಕೈಗಳನ್ನು ಸುಮ್ಮನೆ ಬಿಡಲಿಲ್ಲ. ಮೊದಲು ಬೊಬ್ಬೆ ಎದ್ದು ಒಡೆದವು; ಆಮೇಲೆ ಅಂಗೈ, ಬೆರಳ ಬುಡ ಎಲ್ಲ ಜಡ್ಡುಗಟ್ಟಿ ಬಿರುಕು ಬಿಟ್ಟವು. ಬಿಲ್ಕೀಸ್ ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುವವಳು. ದಾವಣಗೆರೆಯ ನಾಗರತ್ನಮ್ಮ ಮಗಳ ಮದುವೆ ಸೀರೆ ಕೊಟ್ಟು ಹೋಗಿದ್ದರು. ಸೆರಗು ಹಿಡಿದದ್ದೇ ತಡ, ಜಡ್ಡಿನ ಸಿಬಿರಿಗೆ ಸಿಕ್ಕಿ ಒಂದು ಎಳೆ ಸರ್ರನೆ ಎದ್ದು ಬಂತು.

ತಾಯಿ ದಿಲ್ಷಾದ್ ಬೇಗಂ ಹಣೆ ಚಚ್ಚಿಕೊಂಡಳು. “ಆ ಕುರ್ಚಿ ಮೂಲೇಗಿಡು. ನಾನು ಹೊತ್ಕೊಂಡು ಹೋಗ್ತಿರ್ಲಿಲ್ಲೇನು?”

“ನಿನಗೆ ಸೊಂಟನೋವು ಐತಲ್ಲಮ್ಮಾ.”

“ಇದ್ರೆ ಇರ್ಲಿ. ಕೈ ಹೋದ್ರೆ ನಿನ್ನ ಕೆಲ್ಸಾನೂ ಹೋತು.”

ಕುರ್ಚಿ, ಕೆಲಸ ಎರಡನ್ನೂ ಉಳಿಸಿಕೊಳ್ಳುವ ಹಟದಲ್ಲಿ ಬಿಲ್ಕೀಸ್ ಮರುದಿನ ತಮ್ಮನ ಬ್ಲೇಡು ತೆಗೆದುಕೊಂಡು ಜಡ್ಡನ್ನೆಲ್ಲ ಹೆರೆದು ಹಾಕಿದಳು. ಕೈ ಬಾತು ಕೀವಾಯಿತು. ಸೂಜಿಯನ್ನೂ ಹಿಡಿಯಲಾಗದು, ಗಾಲಿಯನ್ನೂ ತಿರುಗಿಸಲಾಗದು. ಮತ್ತೆ ತಮ್ಮನ ಬೆನ್ನೇರಿಯೇ ಆಸ್ಪತ್ರೆಗೆ ಹೋಗಬೇಕಾಯಿತು. ದಾರಿಯುದ್ದಕ್ಕೂ ಅವಳು ಮುಖ ಎತ್ತಲಿಲ್ಲ.

ನರ್ಸ್ ನಾಗಕ್ಕ ಗಾಯ ತೊಳೆಯುತ್ತ ಗದರಿದಳು. “ಬ್ಲೇಡು ಹಾಕು ಅಂತ ಯಾರು ಹೇಳಿದ್ರು? ಜಡ್ಡು ನಿನ್ನ ವೈರಿ ಅಲ್ಲವ್ವಾ, ಒಳಗಿನ ಎಳೇ ಚರ್ಮ ಕಾಯ್ತೈತೆ. ಗಾಯ ಮಾಗಲಿ. ಆಮ್ಯಾಲೆ ಉಗುರುಬೆಚ್ಚನ ನೀರಾಗೆ ನೆನೆಸು, ಹಿಮ್ಮಡಿ ಉಜ್ಜೋ ಕಲ್ಲಿಂದ ಮೆಲ್ಲಕೆ ತಿಕ್ಕು, ಕೊಬ್ರಿ ಎಣ್ಣೆ ಹಚ್ಚು. ಗಾಲಿ ತಿರುಗ್ಸೋವಾಗ ಕೈಗೆ ಏನಾದ್ರೂ ಹಾಕ್ಕೋ.”

“ಹಂಗಾದ್ರೆ ಕುರ್ಚಿ ಬಿಡಬೇಕಂತಿಲ್ಲೇನ್ರಿ?”

“ನಡಿಯೋರಿಗೆ ಕಾಲು ಬಿಡು ಅಂತೀನೇನು ನಾನು?”

ಗಾಯ ಮಾಗುವವರೆಗೆ ಕುರ್ಚಿಯ ಮೇಲೆ ಕೌದಿಗಳ ರಾಶಿ ಬಿದ್ದಿತ್ತು. ಮಾಗಿದ ಮೇಲೆ ಬಿಲ್ಕೀಸ್ ಒಂದು ಹಳೇ ಚರ್ಮದ ಚೀಲ ಕತ್ತರಿಸಿ, ಬೆರಳ ತುದಿ ಹೊರಗುಳಿಯುವಂತೆ ಕೈಗವಸು ಹೊಲಿದಳು. ಮೊದಲ ಜೋಡಿ ಹೆಬ್ಬೆರಳ ಬುಡವನ್ನು ತರಚಿತು. ಅದನ್ನು ಬಿಚ್ಚಿ, ಒಳಗೆ ಮೆತ್ತನೆ ಬಟ್ಟೆ ಕೊಟ್ಟು ಮತ್ತೆ ಹೊಲಿದಳು. ದಿನಾ ಸಂಜೆ ನೆನೆಸುವುದು, ತಿಕ್ಕುವುದು, ಎಣ್ಣೆ ಹಚ್ಚುವುದು. ಅಂಗೈ ಗಟ್ಟಿಯಾಗಿಯೇ ಉಳಿಯಿತು. ಸಿಬಿರು ಮಾತ್ರ ಹೋಗಿ ನುಣುಪಾಯಿತು. ರೇಷ್ಮೆ ಬೆರಳುಗಳ ಮೇಲೆ ಸಲೀಸಾಗಿ ಜಾರಿತು.

ಸೀರೆ ವಿಚಾರಿಸಲು ಬಂದ ನಾಗರತ್ನಮ್ಮನಿಗೆ ಅವಳು ತಾನಾಗಿಯೇ ಎದ್ದ ಎಳೆ ತೋರಿಸಿದಳು. ಆಕೆಯ ಮುಖ ಸಣ್ಣದಾಯಿತು. ಸೆರಗನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, “ಕುಚ್ಚಿನಾಗೆ ಮುಚ್ಚಿ ಹೋಗ್ತೈತೇನು?” ಎಂದರು.

“ಹೋಗ್ತೈತ್ರಿ.”

“ಹಂಗಾದ್ರೆ ಕಟ್ಟು. ಮುಗಿದ ಮ್ಯಾಲೆ ರೈಲ್ವೆ ಸ್ಟೇಷನ್ನಿಗೆ ಕಳಿಸು, ಬಂದು ಒಯ್ತೀನಿ.”

ಕುಚ್ಚು ಮುಗಿದಾಗ ಬಿಲ್ಕೀಸ್ ಸೀರೆಯನ್ನು ತಾನೇ ಒಯ್ಯುತ್ತೇನೆಂದು ಹೊರಟಳು. ತಾಯಿ ಹಿಂದೆಯೇ ಬಂದಳು. ರಸ್ತೆಯ ಏರಿನಲ್ಲಿ ಗಾಲಿ ತಡೆದಾಗ ಆಕೆಯ ಕೈ ಕುರ್ಚಿಯ ಬೆನ್ನಿಗೆ ಚಾಚಿತು.

“ಬ್ಯಾಡಮ್ಮಾ.”

ದಿಲ್ಷಾದ್ ಬೇಗಂ ಕೈ ಹಿಂದಕ್ಕೆಳೆದುಕೊಂಡಳು. ಸ್ವಲ್ಪ ಹೊತ್ತು ಹಿಂದೆಯೇ ನಡೆದು, ಆಮೇಲೆ ಮುಂದೆ ಬಂದು ಮಗಳ ಪಕ್ಕದಲ್ಲಿ, ಅವಳ ವೇಗಕ್ಕೆ ಸರಿಯಾಗಿ ಹೆಜ್ಜೆ ಹಾಕತೊಡಗಿದಳು.